ಸೊಂಟದ ಕೀಲು ಬದಲಿಸಿದ ಮೇಲೆ ರಾಡಿನ ಪಕ್ಕದ ಎಲುಬು ತೆಳುವಾಗಿದೆಯಂತೆ, ಅನುಭವ ಇದ್ದವರು ಹೇಳಿ

ಬದಿಯಡ್ಕದಿಂದ:
ಅಮ್ಮನಿಗೆ ಮಂಗಳೂರಿನಲ್ಲಿ ಸೊಂಟದ ಕೀಲು ಬದಲಿಸಿ ಎರಡು ವರ್ಷ ಆಯಿತು. ತೊಡೆ ಎಲುಬಿನೊಳಗೆ ಕೂರಿಸಿದ್ದು ಸಿಮೆಂಟ್ ಹಾಕದ ಟೈಟಾನಿಯಂ ರಾಡ್. ನೋವಿಲ್ಲ. ಈ ಸಲದ ಎಕ್ಸ್‌ರೇ ವರದಿಯಲ್ಲಿ ಮಾತ್ರ ರಾಡಿನ ಮೇಲ್ಭಾಗದ ಒಳಬದಿಯಲ್ಲಿ, ಅದೇನೋ 'ಗ್ರೂಯೆನ್ ವಲಯ 7' ಅಂತೆ, ಎಲುಬಿನ ಸಾಂದ್ರತೆ ಕಡಿಮೆ ಎಂದಿದೆ. ಅದನ್ನು ಕೇಳಿದ್ದೇ ತಡ, ಅಮ್ಮ ಅಂಗಳಕ್ಕೂ ಇಳಿಯುತ್ತಿಲ್ಲ. ರಾಡ್ ಸಡಿಲ ಆಗುತ್ತಿದೆಯಾ? ಡಾಕ್ಟರು ಸಿಗುವುದು ಇನ್ನು ಮುಂದಿನ ತಿಂಗಳು.

ಮುಳ್ಳೇರಿಯದಿಂದ:
ನನ್ನ ಅಪ್ಪನದ್ದೂ ಇದೇ ಕಥೆ. ಡಾಕ್ಟರು ಹಳೆಯ ಫಿಲ್ಮ್, ಹೊಸ ಫಿಲ್ಮ್ ಎರಡನ್ನೂ ಲೈಟಿನ ಮುಂದೆ ಒಟ್ಟಿಗೆ ಸಿಕ್ಕಿಸಿ ತೋರಿಸಿದರು. ಮೇಲೆ ಎಲುಬಿನ ಬಿಳಿ ಅಂಚು ಮಾಸಿತ್ತು, ಚೂಪಾಗಿದ್ದ ಮೂಲೆ ದುಂಡಗಾಗಿತ್ತು. ಕೆಳಗೆ ರಾಡ್ ಮುಗಿಯುವಲ್ಲಿ ಎಲುಬಿನ ಗೋಡೆ ಮೊದಲಿಗಿಂತ ದಪ್ಪ! ಮೊದಲು ಮೈಭಾರ ಮೇಲಿನ ಎಲುಬಿನ ಮೂಲಕವೇ ಇಳಿಯುತ್ತಿತ್ತು, ಈಗ ಬಹುಪಾಲು ರಾಡ್ ಹಿಡಿದು ಕೆಳಗೆ ಹೋಗಿ ಅಲ್ಲಿ ಎಲುಬಿಗೆ ದಾಟುತ್ತದೆ ಎಂದರು. ದುಡಿಯುವ ಸೊಸೆ ಬಂದ ಮನೆಯಲ್ಲಿ ಉಳಿದವರು ಕೂತು ಕೊಬ್ಬುತ್ತಾರೆ, ಎಲುಬು ಮಾತ್ರ ಕೂತರೆ ಸೊರಗುತ್ತದೆ.

ಉಪ್ಪಳದಿಂದ (ಫಿಸಿಯೋಥೆರಪಿಸ್ಟ್):
ಹೊರೆ ಬಿದ್ದ ಕಡೆ ಎಲುಬು ಬಲಿಯುತ್ತದೆ, ಹೊರೆ ತಪ್ಪಿದ ಕಡೆ ಕರಗುತ್ತದೆ ಎಂದು ಜರ್ಮನಿಯ ಸರ್ಜನ್ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಟೈಟಾನಿಯಂ ಮಿಶ್ರಲೋಹ ಬಾಗದಿರುವುದರಲ್ಲಿ ಎಲುಬಿಗಿಂತ ಐದಾರು ಪಟ್ಟು ಬಿರುಸು, ಇನ್ನು ಕೆಲವು ರಾಡುಗಳ ಲೋಹವಾದ ಕೋಬಾಲ್ಟ್-ಕ್ರೋಮ್ ಹತ್ತು ಪಟ್ಟಿಗೂ ಮೇಲೆ. ಬಿರುಸಾದದ್ದು ಹೊರೆಯನ್ನು ತಾನೇ ಹೊರುತ್ತದೆ. ಈ ತೆಳುವಾಗುವಿಕೆ ಹೆಚ್ಚಾಗಿ ಮೊದಲ ವರ್ಷದೊಳಗೇ ಆಗುತ್ತದೆ, ಆಮೇಲೆ ನಿಧಾನ. ರಾಡಿನ ಒರಟು ಮೈಗೆ ಎಲುಬು ಬೆಳೆದು ಕಚ್ಚಿಕೊಂಡಿದ್ದರೆ ಮೇಲೆ ತುಸು ತೆಳುವಾದ ಮಾತ್ರಕ್ಕೆ ಸಡಿಲ ಎನ್ನಲಾಗದು. ಅಮ್ಮನನ್ನು ಕೂರಿಸಬೇಡಿ. ನಡಿಗೆ ನಿಲ್ಲಿಸಿದರೆ ಉಳಿದ ಎಲುಬೂ ಸವೆಯುತ್ತದೆ.

ಕುಂಬಳೆಯಿಂದ:
ಧೈರ್ಯ ಸರಿ, ಆದರೆ ಒಂದನ್ನು ಗಮನಿಸಿ. ನಮ್ಮ ಚಿಕ್ಕಮ್ಮನಿಗೆ ಕುರ್ಚಿಯಿಂದ ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ತೊಡೆಯ ನಡುವೆ ಚುಳ್ ಎನ್ನುತ್ತಿತ್ತು, ಆಮೇಲೆ ಕಮ್ಮಿ. ಎಕ್ಸ್‌ರೇಯಲ್ಲಿ ರಾಡಿನ ಸುತ್ತಲೂ ಕಪ್ಪು ಗೆರೆ, ರಾಡ್ ಸ್ವಲ್ಪ ಕೆಳಗೆ ಜಾರಿತ್ತು. ಎಲುಬು ಕಚ್ಚಿಕೊಂಡೇ ಇರಲಿಲ್ಲ, ನಡುವೆ ನಾರು ಬೆಳೆದಿತ್ತು. ಪುನಃ ಆಪರೇಷನ್ ಆಯಿತು. ಸೊಂಟದ ಗುಳಿಯಲ್ಲಿ ಹಳೆಯ ಕಾಲದ ಪ್ಲಾಸ್ಟಿಕ್ ಕಪ್ ಇದ್ದವರು ಇನ್ನೂ ಎಚ್ಚರ ಇರಬೇಕು: ಸವೆದ ಪುಡಿಗೆ ದೇಹ ಕೆರಳಿ ಎಲುಬನ್ನು ಒಳಗೊಳಗೇ ತಿನ್ನುತ್ತದೆ, ಬಹಳ ಕಾಲ ನೋವೇ ಗೊತ್ತಾಗುವುದಿಲ್ಲ.

ಪೆರ್ಲದಿಂದ:
ಮೊದಲ ಎಕ್ಸ್‌ರೇ ಹುಡುಕಿ ಇಟ್ಟುಕೊಳ್ಳಿ, ಹೋಲಿಸದೆ ಯಾವ ಡಾಕ್ಟರೂ ಏನೂ ಹೇಳಲಾರರು. ಅಟ್ಟದಲ್ಲಿಟ್ಟರೆ ನಮ್ಮ ಮಳೆಗೆ ಫಿಲ್ಮುಗಳು ಒಂದಕ್ಕೊಂದು ಅಂಟುತ್ತವೆ. ಹಗಲು ಕಿಟಕಿಗೆ ಹಿಡಿದು ಫೋಟೋ ತೆಗೆದಿಡಿ.

ಬದಿಯಡ್ಕದಿಂದ:
ತೊಡೆಯಲ್ಲಿ ಅಂಥ ನೋವಿಲ್ಲ ಅಂತ ಅಮ್ಮ ಹೇಳುತ್ತಾರೆ. ತೋಟದ ಮೆಟ್ಟಿಲು ಇಳಿಯಬಹುದಾ?

ಉಪ್ಪಳದಿಂದ:
ಸದ್ಯ ಅಂಗಳದಲ್ಲಿ, ಸಮತಟ್ಟಿನಲ್ಲಿ ನಡೆಯಲಿ. ತೋಟದ ಮೆಟ್ಟಿಲು ಡಾಕ್ಟರು ಫಿಲ್ಮ್ ನೋಡಿದ ಮೇಲೆ. ಪಾಚಿ ಹಿಡಿದಿದ್ದರೆ ಆಮೇಲೂ ಬೇಡ. ಬಿದ್ದು ರಾಡಿನ ಸುತ್ತ ಎಲುಬು ಮುರಿದರೆ ಅದರ ಕಷ್ಟವೇ ಬೇರೆ.