ಓಟು ಪ್ರಾಮಾಣಿಕರಿಗಾ, ಕೆಲಸ ಮಾಡಿಸುವವರಿಗಾ?

ಪ್ರಶ್ನೆ (ಉಡುಪಿ ಕಡೆಯಿಂದ):
ನಮ್ಮ ವಾರ್ಡಿನ ಈಗಿನ ಪಂಚಾಯತ್ ಸದಸ್ಯರು ಬೇರೆಯವರ ದುಡ್ಡಲ್ಲಿ ಒಂದು ಚಾ ಕೂಡ ಕುಡಿದವರಲ್ಲ. ಆದರೆ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿಸುವಾಗ ಜನವರಿ ದಾಟಿತ್ತು. ಹೊಳೆಯಲ್ಲಿ ಉಪ್ಪುನೀರು ಮೇಲೆ ಬಂದು ನಮ್ಮ ಬಾವಿ ಹಾಳಾಯಿತು. ಅಮ್ಮ ಗಂಜಿಗೂ ನೆರೆಮನೆಯಿಂದ ನೀರು ಹೊತ್ತರು. ಅವರಿಗಿಂತ ಮೊದಲು ಇದ್ದವರು ಕಮಿಷನ್ ತಿನ್ನುತ್ತಾರೆಂದು ಊರೇ ಹೇಳುತ್ತಿತ್ತು, ಹಲಗೆ ಮಾತ್ರ ನವೆಂಬರಿನಲ್ಲೇ ಬೀಳುತ್ತಿತ್ತು. ಇಬ್ಬರೂ ಪುನಃ ನಿಲ್ಲುತ್ತಾರಂತೆ. ನೀವಾದರೆ ಯಾರಿಗೆ ಹಾಕ್ತೀರಿ?

ಉತ್ತರ 1:
ಕೆಲಸದವರಿಗೇ. ಬಾವಿಗೆ ಉಪ್ಪು ಹೊಕ್ಕರೆ ಮಳೆಗಾಲದವರೆಗೆ ಕಷ್ಟವೇ ಮಾರಾಯ್ರೆ.

ಉತ್ತರ 2:
ನಾನು ಒಪ್ಪುವುದಿಲ್ಲ. ಕಮಿಷನ್ ದುಡ್ಡು ಸಿಮೆಂಟಿನಿಂದಲೇ ಹೋಗುವುದು. ನಮ್ಮಲ್ಲಿ ಹಾಗೆ ಕಟ್ಟಿದ ತೋಡಿನ ದಂಡೆ ಎರಡನೇ ಮಳೆಗೇ ಜರಿಯಿತು. ಕೆಲಸ ಗೊತ್ತಿಲ್ಲದವರಿಗೆ ಕಲಿಸಬಹುದು. ಗ್ರಾಮಸಭೆಯಲ್ಲಿ ಹಲಗೆ ಯಾವಾಗ ಅಂತ ಯಾರಾದರೂ ಕೇಳಿದ್ರಾ?

ಉತ್ತರ 3:
ಪಂಚಾಯತಿಗೆ ಪಕ್ಷದ ಚಿಹ್ನೆ ಇಲ್ಲ, ಹಾಗಾಗಿ ಮನುಷ್ಯನನ್ನೇ ನೋಡಬೇಕು. ವಿಧಾನಸಭೆಗಾದರೆ ಅಭ್ಯರ್ಥಿಗಳು ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಕೇಸು, ಆಸ್ತಿ ಎಲ್ಲ ಉಂಟು. ಕೆಲಸ ಬರುತ್ತದಾ ಎಂಬ ಕಾಲಮ್ಮು ಅದರಲ್ಲೂ ಇಲ್ಲ.

ಪ್ರಶ್ನೆ ಕೇಳಿದವರು:
ನಾನು ಗ್ರಾಮಸಭೆಗೆ ಹೋಗಿರಲಿಲ್ಲ. ನಾಳೆ ಈಗಿನ ಸದಸ್ಯರ ಮನೆಗೇ ಹೋಗಿ, ಈ ಸಲ ಹಲಗೆ ಯಾವ ತಾರೀಕಿಗೆ ಅಂತ ಕೇಳ್ತೇನೆ. ತಾರೀಕು ಹೇಳಿದರೆ ನನ್ನ ಓಟು ಅವರಿಗೇ.