ರಸ್ತೆ ಉದ್ದಕ್ಕೂ ಗಾರ್ಡ್ ರೈಲ್ ಯಾಕೆ ಹಾಕಲ್ಲ?

ಹಳೇಟೈರು: ತುಂಬಾ ದಿನದಿಂದ ತಲೆ ಕೊರೀತಿರೋ ವಿಷ್ಯ. ಗಾಡಿ ರೋಡ್ ಬಿಟ್ಟು ಪಕ್ಕಕ್ಕೆ ನುಗ್ಗಿ ಮರಕ್ಕೋ ಕಂಬಕ್ಕೋ ಗುದ್ದಿ ಜನ ಸಾಯೋದು ಓದ್ತಾನೇ ಇರ್ತೀವಿ, ಹಂಗಿದ್ಮೇಲೆ ಹೈವೇಗಳಲ್ಲಿ ಎರಡೂ ಕಡೆ ಉದ್ದಕ್ಕೂ ಗಾರ್ಡ್ ರೈಲ್, ಅದೇ ರೋಡಿನ ಅಂಚಲ್ಲಿ ಕಂಬಕ್ಕೆ ಕಟ್ಟಿರೋ ಕಬ್ಬಿಣದ ತಡೆಪಟ್ಟಿ, ಹಾಕ್ಬಿಟ್ರೆ ಮುಗೀತಲ್ವಾ? ಒಂದು ಕಡೆ ಇರುತ್ತೆ, ನೂರು ಹೆಜ್ಜೆ ಮುಂದೆ ಇರಲ್ಲ. ದುಡ್ಡು ಉಳ್ಸೋಕಾ?

ಅಳತೆಪಟ್ಟಿ: ದುಡ್ಡು ಆಮೇಲಿನ ಮಾತು. ಗಾರ್ಡ್ ರೈಲೂ ಗುದ್ದೋ ವಸ್ತುನೇ ಅಲ್ವಾ, ಅದೂ ರೋಡಿಗೆ ಅಂಟ್ಕೊಂಡಂಗೆ ಇರುತ್ತೆ, ಸುಮ್ನೆ ಬಯಲಿಗಿಳಿದು ನಿಲ್ಲಬೇಕಾಗಿದ್ದ ಗಾಡಿನೂ ಹೋಗಿ ಅದಕ್ಕೇ ಬಡಿಯುತ್ತೆ. ಹಿಂದೆ ಪ್ರಪಾತ, ಆಳದ ನೀರು, ಸೇತುವೆ ಕಂಬ ಇಂಥದ್ದಿದ್ರೆ ಮಾತ್ರ ಅದು ಲಾಭ. ಅದಕ್ಕೇ ಮೊದ್ಲು ಅಡ್ಡಿ ತೆಗೀಬಹುದಾ ನೋಡ್ತಾರೆ, ಇಲ್ಲಾಂದ್ರೆ ದೂರ ಸರಿಸೋದು, ಅದೂ ಆಗ್ಲಿಲ್ವಾ ಗುದ್ದಿದ್ರೆ ಬುಡದಲ್ಲೇ ಕಳಚ್ಕೊಳ್ಳೋ ಕಂಬ ಹಾಕೋದು, ರೈಲ್ ಬರೋದು ಅದಾದ್ಮೇಲೆ.

1960ರ ದಶಕದಲ್ಲಿ ಜನರಲ್ ಮೋಟರ್ಸ್‌ನವರ ಟೆಸ್ಟ್ ಟ್ರ್ಯಾಕ್ ಅನುಭವದಲ್ಲಿ ರಸ್ತೆ ಬಿಟ್ಟ ಗಾಡಿಗಳಲ್ಲಿ ಸುಮಾರು 80% 30 ಅಡಿ ಒಳಗೇ ಹತೋಟಿಗೆ ಬಂದಿದ್ವು. ಕ್ಲಿಯರ್ ಝೋನ್, ಅಂದ್ರೆ ರೋಡ್ ಪಕ್ಕ ಅಡ್ಡಿ ಇಲ್ದೆ ಖಾಲಿ ಬಿಡೋ ಜಾಗ, ಅದರ 9 ಮೀಟರ್ (ಅದೇ 30 ಅಡಿ) ಲೆಕ್ಕ ಅಲ್ಲಿಂದ ಬಂದಿದ್ದು. ಆದ್ರೆ ಅದು ಸಮತಟ್ಟು ನೆಲಕ್ಕೆ. ಇಳಿಜಾರು ನಾಲ್ಕು ಅಡಿಗೆ ಒಂದು ಅಡಿಗಿಂತ ಕಡಿದಾದ್ರೆ ಗಾಡಿ ವಾಪಸ್ ತಿರುಗಲ್ಲ, ಮೂರಕ್ಕೆ ಒಂದು ದಾಟಿದ್ರಂತೂ ಪಲ್ಟಿ ಆಗೋ ಸಾಧ್ಯತೆನೇ ಜಾಸ್ತಿ.

ಎರಡುಚಕ್ರ: ಬೈಕಿನೋರ ಕಥೆ ಯಾರೂ ಹೇಳಲ್ಲ ನೋಡಿ. ಕಾರಿಗೆ ಕಾಪಾಡೋ ರೈಲು ನಮಗೆ ಕತ್ತಿ ಇದ್ದಂಗೆ, ಬಿದ್ದು ಜಾರ್ಕೊಂಡು ಹೋದ್ರೆ ಕೆಳಗಿನ ಕಂಬಕ್ಕೇ ಬಡಿಯೋದು. ಕೆಲವು ತಿರುವುಗಳಲ್ಲಿ ಕೆಳಗಡೆ ಇನ್ನೊಂದು ಪಟ್ಟಿ ಹಾಕಿ ಮುಚ್ತಾರೆ, ಎಲ್ಲಾ ಕಡೆ ಯಾಕಿಲ್ಲ ಅಂತ ನನ್ ಪ್ರಶ್ನೆ.

ನಟ್ಟುಬೋಲ್ಟು: ರೈಲಿನ ತುದಿ ಬಗ್ಗೆನೂ ಹೇಳ್ಬೇಕು. ಹಿಂದೆ ತುದಿ ಹಂಗೇ ಬಿಡ್ತಿದ್ರು, ನೇರ ಗುದ್ದಿದ್ರೆ ಈಟಿ ಥರ ಕಾರೊಳಗೆ ನುಗ್ತಿತ್ತು. ಸರಿ ಅಂತ ಬಗ್ಗಿಸಿ ಮಣ್ಣಲ್ಲಿ ಹೂತ್ರು, ಅದು ಏಣಿ ಆಗಿ ಕಾರು ಮೇಲೆ ಹತ್ತಿ ಮಗುಚ್ಕೊಳ್ಳೋಕೆ ಶುರುವಾಯ್ತು :) ಈಗ ತುದೀಲಿ ಒಂದು ತಲೆ ಕೂರಿಸ್ತಾರೆ, ಗುದ್ದಿದಾಗ ರೈಲನ್ನ ಚಪ್ಪಟೆ ಮಾಡ್ತಾ ಹಿಂದೆ ಸರಿದು ವೇಗ ಕುಡ್ಕೊಳ್ಳುತ್ತೆ. ನೂರು ಹೆಜ್ಜೆಗೊಂದು ತುಂಡು ಹಾಕಿದ್ರೆ ಇಂಥ ತುದಿಗಳೇ ಜಾಸ್ತಿ, ಅದಕ್ಕಿಂತ ಸಣ್ಣ ಗ್ಯಾಪ್ ಮುಚ್ಚಿ ಒಂದೇ ಉದ್ದದ್ದು ಮಾಡೋದು ವಾಸಿ.

ನೆರಳುಮರ: ಹಂಗಂತ ಎಲ್ಲಾ ಮರಕ್ಕೂ ಕೊಡಲಿ ಹಾಕ್ಬೇಡ್ರಪ್ಪ. ತಿರುವಿನ ಹೊರಬದಿ ನೋಡ್ಕೊಳ್ಳಿ, ಗಾಡಿ ಜಾಸ್ತಿ ಹೋಗೋದು ಆ ಕಡೆನೇ. ಮಿಕ್ಕಿದ್ದಕ್ಕೆ ಸ್ಪೀಡ್ ಇಳ್ಸಿ, 60ರಿಂದ 80 ಆದ್ರೆ ಗುದ್ದೋ ಶಕ್ತಿ ಹತ್ರ ಹತ್ರ 1.8 ಪಟ್ಟು ಆಗುತ್ತೆ.

ಹಳೇಟೈರು: ಕಣ್ಣು ತೆರೆಸಿದ್ರಿ. ಒಂದೇ ಡೌಟು, ಆ ಕಳಚೋ ಕಂಬ ಪಕ್ಕ ನಡ್ಕೊಂಡು ಹೋಗೋರ ಮೇಲೆ ಬಿದ್ರೆ?

ಅಳತೆಪಟ್ಟಿ: ಬೀಳುತ್ತೆ. ಅದಕ್ಕೇ ಜನ ಓಡಾಡೋ ಕಡೆ, ಬಸ್ ಸ್ಟಾಪ್ ಹತ್ರ ಅಂಥ ಕಂಬ ಹಾಕ್ಬಾರ್ದು.