ಸಹಾಯ ಬೇಕು: ಕಂಡಿಕಿ ಸುತ್ತೋ ಯಂತ್ರ ಯಾರ ಮಾತಿನ ಮ್ಯಾಲೆ ಮಾಡೋಣು?

ನಮಸ್ಕಾರ್ರೀ ಎಲ್ಲಾರಿಗೂ. ಇಳಕಲ್ಲಿನ ನೇಕಾರರ ಮನಿಗೋಳಿಗೆ ಕಂಡಿಕಿ (ಲಾಳಿಯೊಳಗ ಇಡೋ ನೂಲು ಸುತ್ತಿದ ಸಣ್ಣ ಕೊಳವಿ) ಸುತ್ತೋ ಸಣ್ಣ ಮೋಟಾರ್ ಯಂತ್ರ ರೂಪಿಸಾಕತ್ತೇವಿ. ನಾನು ಡಿಸೈನರ್, ಜೋಡಿ ಇರೋ ಅಕ್ಕಾರು ಸಮಾಜಶಾಸ್ತ್ರದವರು.

ಇಳಕಲ್ ಸೀರಿಯ ರೇಷ್ಮಿ ಸೆರಗು, ಸೆರಗಿನ ಎಳಿ ಒಡಲಿನ ಎಳಿಗೆ ಕೂಡಿಸೋ ತೋಪ ತೆನಿ ಜೋಡಣಿ ಬಗ್ಗೆ ಎಲ್ಲಾರೂ ಮಾತಾಡ್ತಾರ. ಕುಣಿಮಗ್ಗದಾಗ ಕುಂತವರಿಗೆ ಕಂಡಿಕಿ ತುಂಬಿ ಕೊಡೋ ಹೆಣ್ಮಕ್ಕಳ ದುಡಿಮಿ ಮಾತ್ರ ಲೆಕ್ಕಕ್ಕ ಬರೂದಿಲ್ಲ, ಬಹಳ ಮನ್ಯಾಗ ಅದಕ್ಕ ಬ್ಯಾರೆ ಕೂಲಿನೂ ಇಲ್ಲ. ಅದಕ್ಕ ಇದು ನನಗ ಭಾಳ ಮುಖ್ಯದ ಕೆಲಸ.

ಪ್ರಶ್ನಾವಳಿ ಹಿಡಕೊಂಡು ಹೋದ್ವಿ. ಉತ್ತರ ಕೊಟ್ಟವರು ಹೆಚ್ಚಾಗಿ ಗಂಡಸರು: "ಮೋಟಾರ್ ಇದ್ರ ಜಲ್ದಿ ಆಕ್ಕೈತ್ರೀ." ಆಮ್ಯಾಲೆ ಅಕ್ಕಾರು ಪಡಸಾಲ್ಯಾಗ ಹೆಣ್ಮಕ್ಕಳ ಜೋಡಿ ಕುಂತು ನೋಡಿದ್ರು. ಅವರು ರಾಟಿ ಎತ್ತಿಕೊಂಡು ಮನಿ ಮುಂದಿನ ಕಟ್ಟಿ ಮ್ಯಾಲೆ ಬರ್ತಾರ, ನೆರೆಮನಿಯವರ ಜೋಡಿ ಮಾತಾಡ್ತಾ, ಕೂಸು ತೂಗ್ತಾ ಸುತ್ತತಾರ, ನಡುವ ಒಲಿ ಕಡೆ ಎದ್ದು ಹೋಗತಾರ. ಪ್ಲಗ್ ಇದ್ದ ಗ್ವಾಡಿ ಬಿಟ್ಟು ಕದಲದ ಯಂತ್ರ ಇದಕ್ಕ ಹೆಂಗ ಹೊಂದತೈತಿ? ಮಾದರಿ ತೋರಿಸಿ ಕೇಳಿದ್ರ "ಛಲೋ ಐತ್ರೀ" ಅಂದು ಸುಮ್ಮನಾಗ್ತಾರ. ಮನಿಗೆ ಬಂದವರಿಗೆ ಬ್ಯಾರೆ ಏನ್ ಹೇಳ್ಯಾರು!

ಸಿಕ್ಕೊಂಡಿರೋದು ಇಲ್ಲೇ. ಅಕ್ಕಾರ ಟಿಪ್ಪಣಿ ಖರೇ ಅನಸ್ತೈತಿ, ಆದ್ರ ಅದರಿಂದ ಯಂತ್ರದ ಎತ್ತರ, ತೂಕ, ವೇಗ ಹೆಂಗ ತೀರ್ಮಾನಿಸೋದು ತಿಳಿವಲ್ದು. ಅಕ್ಕಾರು ಇನ್ನೂ ಕುಂತು ನೋಡೋಣು ಅಂತಾರ, ನನಗ ಮುಂದಿನ ಮಾದರಿ ಮಾಡಬೇಕಾಗೇದ.

ಇಂಥಾ ಕೆಲಸ ಮಾಡಿದವರು ಹೇಳ್ರಿ: ಈಗಿನ ಮಾದರಿನ ಕೆಲವು ಮನ್ಯಾಗ ಬಿಟ್ಟು ಬಳಕಿ ನೋಡಬೇಕೋ, ಇಲ್ಲಾ ಹೆಣ್ಮಕ್ಕಳನ್ನಷ್ಟ ಕೂಡಿಸಿ ರಟ್ಟು, ಕಟ್ಟಿಗಿಲೆ ಅವರ ಕೈಯಿಂದನ ಹೊಸಾದು ಮಾಡಿಸಬೇಕೋ? ಯಾವುದು ಮೊದಲು, ಯಾಕ?